ಒಂದು ಅಕ್ಷರ, ಎರಡು ದಾರಿ

ಐಸ್‌ಲೆಂಡ್ ಸ್ಪಾರ್ ಕಲ್ಲನ್ನು ಅಚ್ಚಿನ ಪುಟದ ಮೇಲಿಟ್ಟು ನೋಡುವ ಸುಖವೇ ಬೇರೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಬರೀ ಕ್ಯಾಲ್ಸೈಟ್, ಸುಣ್ಣಕಲ್ಲಿನಲ್ಲಿರುವುದೂ ಅದೇ. ಆದರೆ ಇದು ತಿಳಿಯಾದ ಸ್ಫಟಿಕ. ಎಷ್ಟು ಸಲ ಒಡೆದರೂ ಪಕ್ಕಕ್ಕೆ ವಾಲಿದ ಪೆಟ್ಟಿಗೆಯಂಥ ಓರೆ ತುಂಡುಗಳೇ ಸಿಗುತ್ತವೆ. ಕೆಳಗೆ ಒಂದು ‘ಕ’ ಇದ್ದರೆ ಮೇಲಿನಿಂದ ಎರಡು ಕಾಣುತ್ತವೆ. ಎರಡೂ ಚೊಕ್ಕ, ಎರಡೂ ತುಸು ಮಾಸಲು. ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ಇನ್ನೊಂದಕ್ಕಿಂತ ಮೇಲೆ ತೇಲುತ್ತಿರುವುದು ಗೊತ್ತಾಗುತ್ತದೆ. ಈಗ ಕಲ್ಲನ್ನು ಪುಟದ ಮೇಲೆಯೇ ಮೆಲ್ಲಗೆ ತಿರುಗಿಸಬೇಕು. ಮೇಲೆ ತೇಲಿದ ‘ಕ’ ಕದಲುವುದಿಲ್ಲ. ಇನ್ನೊಂದು ಅದಕ್ಕೆ ಪ್ರದಕ್ಷಿಣೆ ಹಾಕುತ್ತದೆ.

1669ರಲ್ಲಿ ಕೋಪನ್‌ಹೇಗನ್ನಿನ ಎರಾಸ್ಮಸ್ ಬಾರ್ತೊಲಿನ್ ಇದನ್ನು ವಿವರಿಸಿ ಬರೆದ. ಕದಲದ್ದು ಸಾಧಾರಣ ಕಿರಣ, ಸುತ್ತುವುದು ಅಸಾಧಾರಣ ಕಿರಣ. ಆ ಎರಡನೆಯದರ ಹಟ ನೋಡಿ: ಮೇಲ್ಮೈಗೆ ನೇರ ಲಂಬವಾಗಿ ಬಿದ್ದ ಕಿರಣ ಗಾಜಿನಲ್ಲಾದರೆ ಬಾಗದೆ ಹೋಗುತ್ತದೆ, ಇಲ್ಲಿ ಸುಮಾರು 6 ಡಿಗ್ರಿ ಓರೆಯಾಗಿ ಹೊರಡುತ್ತದೆ. ಕಲ್ಲು ಒಂದು ಸೆಂಟಿಮೀಟರ್ ದಪ್ಪವಿದ್ದರೆ ಆಚೆ ಬರುವಷ್ಟರಲ್ಲಿ ಒಂದು ಮಿಲಿಮೀಟರ್‌ನಷ್ಟು ಸರಿದಿರುತ್ತದೆ. ಬಂದ ಬೆಳಕು ಒಂದೇ, ಬಿದ್ದ ಕೋನವೂ ಒಂದೇ. ಬೇರೆಯಾಗಿರುವುದು ಕಂಪನದ ದಿಕ್ಕು ಮಾತ್ರ. ಕ್ಯಾಲ್ಸೈಟಿನೊಳಗೆ ಚಪ್ಪಟೆ ಕಾರ್ಬೊನೇಟ್ ತ್ರಿಕೋನಗಳು ಒಂದರ ಮೇಲೊಂದು ಪದರಗಟ್ಟಿವೆ. ಆ ಪದರದ ಉದ್ದಕ್ಕೆ ಕಂಪಿಸುವ ಬೆಳಕಿಗೆ ವಕ್ರೀಭವನ ಸೂಚ್ಯಂಕ 1.658, ಪದರಕ್ಕೆ ಅಡ್ಡವಾಗಿ ಕಂಪಿಸುವುದಕ್ಕೆ 1.486. ಕಂಪನ ಪದರಕ್ಕೆ ಓರೆಯಾಗಿದ್ದಾಗ ಅಲೆಯ ಮುಖ ಒಂದು ಕಡೆ, ಅದರ ಶಕ್ತಿ ಹರಿಯುವುದು ಇನ್ನೊಂದು ಕಡೆ.

ಎರಡು ಕಲ್ಲುಗಳನ್ನು ಒಂದರ ಮೇಲೊಂದಿಟ್ಟು ತಿರುಗಿಸಿದರೆ ಒಮ್ಮೆ ನಾಲ್ಕು ಬಿಂಬ, ಒಮ್ಮೆ ಎರಡೇ. ಇದನ್ನು ಡಚ್ ವಿಜ್ಞಾನಿ ಹೈಗೆನ್ಸ್ ಕಂಡಿದ್ದ. ಯಾಕೆಂದು ತನಗೆ ತೃಪ್ತಿಯಾಗುವಂತೆ ಹೇಳಲಾಗಲಿಲ್ಲವೆಂದು 1690ರ ಪುಸ್ತಕದಲ್ಲಿ ಒಪ್ಪಿಕೊಂಡ. ಅಂಥ ಒಪ್ಪಿಗೆ ವಿಜ್ಞಾನದ ಪುಸ್ತಕಗಳಲ್ಲಿ ಇನ್ನಷ್ಟು ಇರಬೇಕಿತ್ತು. 1808ರಲ್ಲಿ ಪ್ಯಾರಿಸ್ಸಿನ ಏತಿಯೆನ್ ಮಾಲುಸ್, ಲಕ್ಸಂಬರ್ಗ್ ಅರಮನೆಯ ಕಿಟಕಿಗಾಜಿನಲ್ಲಿ ಹೊಳೆಯುತ್ತಿದ್ದ ಸಂಜೆಸೂರ್ಯನನ್ನು ಇದೇ ಕಲ್ಲಿನ ಮೂಲಕ ನೋಡಿದ. ತಿರುಗಿಸಿದಂತೆ ಎರಡು ಬಿಂಬಗಳಲ್ಲಿ ಒಂದು ಮಂಕಾಯಿತು. ಕಲ್ಲು ಮಾಡುತ್ತದೆಂದುಕೊಂಡಿದ್ದ ವಿಂಗಡಣೆಯನ್ನು ಬರಿಯ ಗಾಜಿನ ಪ್ರತಿಫಲನವೂ ಮಾಡುತ್ತದೆಂದು ಹಾಗೆ ತಿಳಿಯಿತು. ಇವತ್ತು ಪೋಲರಾಯ್ಡ್ ಕನ್ನಡಕ ಇದ್ದವರಿಗೆ ಪರೀಕ್ಷೆ ಸುಲಭ: ಅದನ್ನು ಕಲ್ಲಿನ ಮೇಲೆ ಹಿಡಿದು ತಿರುಗಿಸಿದರೆ ಒಂದು ‘ಕ’ ಅಳಿದು ಇನ್ನೊಂದು ಉಳಿಯುತ್ತದೆ, ಕಾಲು ಸುತ್ತು ಮುಂದೆ ಹೋದರೆ ಅದಲುಬದಲು.

ಕಂಪನ ಗೆರೆಯಾಗಿರದೆ ತಿರುಪಿನಂತೆ ಸುತ್ತುತ್ತ ಸಾಗುವ ಬೆಳಕಿಗೂ ಇಂಥ ಚೇಷ್ಟೆ ಇದೆ. ಗಾಜನ್ನು ಓರೆಯಾಗಿ ಹೊಕ್ಕಾಗ ಎಡಸುತ್ತಿನದು ಒಂದು ಪಕ್ಕಕ್ಕೆ, ಬಲಸುತ್ತಿನದು ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. ಸರಿತ ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಚಿಕ್ಕದು. 2008ರಲ್ಲಿ ಭೌತವಿಜ್ಞಾನಿಗಳಾದ ಹೋಸ್ಟೆನ್ ಮತ್ತು ಕ್ವಿಯಟ್ ಅದನ್ನು ಸುಮಾರು ಹತ್ತು ಸಾವಿರ ಪಟ್ಟು ಹಿಗ್ಗಿಸಿ ಅಳೆದರು. ಕೆಲಸ ದೊಡ್ಡದು, ಒಪ್ಪಲೇಬೇಕು. ಆದರೆ ಕೈಯಲ್ಲಿ ಹಿಡಿದು ಆಡುವ ಮೋಜು ಅದರಲ್ಲಿಲ್ಲ.

ಈ ಕತೆಯಲ್ಲಿ ಬೆಂಗಳೂರಿಗೂ ಜಾಗವಿದೆ. ಧ್ರುವೀಕರಣ, ಅಂದರೆ ಕಂಪನದ ರೀತಿ, ಬದಲಾಗುತ್ತ ಹೋದರೆ ಬೆಳಕಿನ ಅಲೆಗೆ ಹೆಚ್ಚಿನದೊಂದು ಹಂತವ್ಯತ್ಯಾಸ ಅಂಟಿಕೊಳ್ಳುತ್ತದೆ ಎಂದು 1956ರಲ್ಲಿ ತೋರಿಸಿದ್ದು ರಾಮನ್ ಸಂಶೋಧನಾಲಯದ ಎಸ್. ಪಂಚರತ್ನಂ. ಆತ ಆ ಮಾತಿಗೆ ಬಂದದ್ದೂ ಸ್ಫಟಿಕಗಳನ್ನು ನೋಡುತ್ತಲೇ. ಆ ತತ್ತ್ವದ ಮೇಲೆ ಈಗ ತೆಳು ದ್ರವಸ್ಫಟಿಕದ ಹಾಳೆಗಳನ್ನು ಮಾಡುತ್ತಾರೆ. ಅವು ಎಡಸುತ್ತಿನ ಬೆಳಕನ್ನು ಒಂದು ಬದಿಗೂ ಬಲಸುತ್ತಿನದನ್ನು ಇನ್ನೊಂದು ಬದಿಗೂ, ಬರಿಗಣ್ಣಿಗೆ ಕಾಣುವಷ್ಟು ಅಂತರದಲ್ಲಿ ಎಸೆಯುತ್ತವೆ.