ಘಟ್ಟ ಮೋಡವನ್ನು ತಡೆಯುವುದಿಲ್ಲ

ವಾಯುಭಾರಮಾಪಕದ ವಿಚಾರವನ್ನು ಈ ವಾರ ಪೂರೈಸುವೆನೆಂದು ಮಾತು ಕೊಟ್ಟಿದ್ದೆನು. ಸಮುದ್ರಮಟ್ಟದಲ್ಲಿ ಸರಾಸರಿ 1013 ಹೆಕ್ಟೊಪಾಸ್ಕಲ್ ಇರುವ ಒತ್ತಡವು, ಸುಮಾರು 570 ಮೀಟರ್ ಎತ್ತರದ ನಮ್ಮ ಶಿವಮೊಗ್ಗೆಯ ಹೊಸಮನೆಯಲ್ಲಿ 950ರ ಆಸುಪಾಸಿಗೆ ಇಳಿದಿರುವುದೇಕೆಂಬುದನ್ನು ನಿತ್ಯದ ಓದುಗರು ಬಲ್ಲರು. ಆದರೆ ಆರಿದ್ರಾ ಮಳೆ ಹಿಡಿದೊಡನೆ, ಘಟ್ಟವು ಮೋಡಗಳನ್ನು ತಡೆದು ನಿಲ್ಲಿಸುವುದರಿಂದಲೇ ಮಲೆನಾಡಿಗೆ ಮಳೆಯೆಂಬ ಹಳೆಯ ಪಾಠವು ಮತ್ತೆ ಕಿವಿಗೆ ಬಿದ್ದಿದೆ. ಉಪಕರಣವು ಒಂದು ವಾರ ಕಾಯಲಿ.

ಮೋಡವು ನೀರಿನ ಚರ್ಮಚೀಲದಂತೆ ಬೆಟ್ಟಕ್ಕೆ ಬಡಿದು ಒಡೆಯತಕ್ಕ ವಸ್ತುವಲ್ಲ. ಅರಬ್ಬೀ ಸಮುದ್ರದ ಮೇಲೆ ಸಾಗಿ ಬಂದ ಆರ್ದ್ರವಾಯುವು ಘಟ್ಟದ ಮೋರೆಗೆ ಎದುರಾಗಿ ಮೇಲೇರಲೇಬೇಕಾದಾಗ, ಎತ್ತರದಲ್ಲಿ ಒತ್ತಡವು ಕಡಿಮೆಯಾದುದರಿಂದ ಹಿಗ್ಗುತ್ತದೆ. ಹಿಗ್ಗುವುದಕ್ಕೆ ತನ್ನ ಉಷ್ಣವನ್ನೇ ವ್ಯಯಿಸಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ತಣಿದು ಸಂತೃಪ್ತವಾದ ಬಳಿಕ ಆವಿಯು ಹನಿಗಟ್ಟಿ, ಗುಪ್ತೋಷ್ಣವನ್ನು ಬಿಟ್ಟುಕೊಡುತ್ತ ಇನ್ನೂ ಮೇಲಕ್ಕೇರುತ್ತದೆ. ಆಗುಂಬೆಯ ಮೋಡವು ಬಹುಮಟ್ಟಿಗೆ ಆಗುಂಬೆಯ ಏರಿನಲ್ಲಿಯೇ ಹುಟ್ಟಿದ್ದು. ಶಿಖರವನ್ನು ದಾಟಿದ ಗಾಳಿಯಾದರೋ ಇಳಿಯುತ್ತ ಕುಗ್ಗಿ ಬೆಚ್ಚಗಾಗುವುದರಿಂದ, ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಕಾಣುವ ಆ ಊರಿನ ಐದರಲ್ಲೊಂದು ಪಾಲೂ ನಮಗೆ ದಕ್ಕುವುದಿಲ್ಲ. ಘಟ್ಟವು ತಡೆಯುತ್ತದೆಂಬ ಮತದವರು ಆಷಾಢದ ಯಾವ ಹಗಲಾದರೂ ಹೊಸಮನೆಯ ಬೀದಿಯಲ್ಲಿ ನಿಂತು ತಲೆಯೆತ್ತಲಿ: ತಡೆಯಲ್ಪಟ್ಟವೆನ್ನುವ ಆ ಮೋಡಗಳೇ ತಂಡತಂಡವಾಗಿ ಮೂಡಣಕ್ಕೆ ಧಾವಿಸುತ್ತಿರುತ್ತವೆ, ತುಂತುರಿನಾಚೆಗೆ ಏನನ್ನೂ ಕೊಡದೆ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವರು. ಸುಮಾರು 1300ರಲ್ಲಿಯೇ ರಟ್ಟಕವಿಯು 'ರಟ್ಟಮತ'ದಲ್ಲಿ ಮಳೆ, ಮಿಂಚುಗಳ ಲಕ್ಷಣಗಳನ್ನು ಕನ್ನಡಕ್ಕೆ ಒಲಿಸಿಕೊಂಡನು. ಅವನಿಗಿಂತ ಎಷ್ಟೋ ಶತಮಾನ ಹಿಂದಿನ ವರಾಹಮಿಹಿರನನ್ನು ನಾನು ಇನ್ನೂ ಮಿಗಿಲಾಗಿ ಆದರಿಸುವುದಕ್ಕೆ ಕಾರಣ, ಶಕುನಗಳ ನಡುವೆಯೂ 'ಬೃಹತ್ಸಂಹಿತೆ'ಯಲ್ಲಿ ಆತನು ಒಂದು ಹಸ್ತದಗಲದ ಪಾತ್ರೆಯನ್ನಿಟ್ಟು, ಐವತ್ತು ಪಲಕ್ಕೆ ಒಂದು ಆಢಕದಂತೆ ಮಳೆಯನ್ನು ಅಳೆಯಿರೆಂದು ವಿಧಿಸಿರುವುದು. ಅಳೆದವನಿಗೆ ಮಾತ್ರ ಆಗುಂಬೆಗೂ ಶಿವಮೊಗ್ಗೆಗೂ ಇರುವ ಅಂತರವು ಪ್ರಶ್ನೆಯಾಗಿ ತೋರೀತು.

ಅಂಥ ಮಾಪಕವೊಂದು ನಮ್ಮ ಪೇಟೆಗೆ ಅನಾಯಾಸವಾಗಿ ಒದಗಿದೆ. ಕೋರ್ಪಲಯ್ಯನ ಛತ್ರದ ಬಳಿ ತುಂಗೆಯೊಳಗಿನ ಮಂಟಪವು ಮುಳುಗಿತೆಂದರೆ ಜನರು ಗುಂಪುಗೂಡಿ ನೋಡುವುದುಂಟು. ಅಂದು ಇಲ್ಲಿ ಬಿಸಿಲಿದ್ದರೂ ಇರಬಹುದು. ಅವರು ನೋಡುತ್ತಿರುವುದು ಶೃಂಗೇರಿ, ತೀರ್ಥಹಳ್ಳಿಗಳ ಮಳೆಯನ್ನು. ನಡುವೆ ತುಂಗೆಗಿರುವ ಗಾಜನೂರಿನ ಅಣೆಕಟ್ಟು ಸುಮಾರು 3.2 ಟಿಎಂಸಿಯ ಕಿರಿದಾದ ಸಂಗ್ರಹವಾದುದರಿಂದ ಬಹುಬೇಗ ತುಂಬಿ, ಘಟ್ಟದ ಲೆಕ್ಕವನ್ನು ಹೆಚ್ಚು ತಿದ್ದದೆ ಮುಂದಕ್ಕೆ ಕಳುಹಿಸುತ್ತದೆ. ಭದ್ರಾವತಿಯ ಹೊಸಮನೆಯ ಓದುಗರಿಗೆ ಈ ಸೌಕರ್ಯವಿಲ್ಲ: ಲಕ್ಕವಳ್ಳಿಯ 71.5 ಟಿಎಂಸಿಯ ಜಲಾಶಯವು ಮುಂಗಾರಿನ ಮೊದಲ ಮಳೆಗಳನ್ನೆಲ್ಲ ತನ್ನಲ್ಲಿಯೇ ಹಿಡಿದಿಟ್ಟುಕೊಳ್ಳುವುದರಿಂದ, ಅಲ್ಲಿ ಭದ್ರೆಯ ಏರಿಳಿತವನ್ನು ಕಂಡು ಆಕಾಶದ ಸ್ಥಿತಿಯನ್ನು ಊಹಿಸಹೊರಟವರು ಬಾಗಿಲು ತೆರೆದ ದಿನವನ್ನಷ್ಟೇ ತಿಳಿಯಬಲ್ಲರು.