ಒಂದೇ ಸಾಲು, ಆಯ್ತು

“ಒಂದೇ ಸಾಲು ಟೈಪ್ ಮಾಡು, ಆಯ್ತು.” ಪೈಥಾನ್ ಬಲ್ಲವರು ಹೊಸಬರಿಗೆ ಹೇಳುವ ಮಾತು. ಜೋಡಿ ನಕ್ಷತ್ರಗಳನ್ನು ಲಕ್ಷಗಟ್ಟಲೆ ಕಂಪ್ಯೂಟರಿನಲ್ಲೇ ಹುಟ್ಟಿಸಿ, ಮುದಿಯಾಗಿಸಿ, ಸಾಯಿಸಿ ನೋಡುವ ‘ಕಾಸ್ಮಿಕ್’ ಪ್ಯಾಕೇಜಿಗೂ ಇದೇ ಮಂತ್ರ: ಪಿಪ್ ಇನ್‌ಸ್ಟಾಲ್ ಕಾಸ್ಮಿಕ್-ಪಾಪ್‌ಸಿಂತ್. ಇನ್‌ಸ್ಟಾಲ್ ಮಾಡುವುದು ಗುಮಾಸ್ತೆ ಕೆಲಸ, ವಿಜ್ಞಾನ ಆಮೇಲೆ ಶುರು ಎಂಬ ನಂಬಿಕೆ ಇದರ ಹಿಂದಿದೆ. ನನಗೆ ಒಪ್ಪಿಗೆಯಿಲ್ಲ.

ಬೇಗೂರಿನ ಮನೆಯಲ್ಲಿ, ಊಟಿ ರಸ್ತೆಯ ಲಾರಿ ಸದ್ದಿಗೆ ಕಿಟಕಿ ಮುಚ್ಚಿ, ಎಂ.ಎಸ್ಸಿ. ಓದುತ್ತಿರುವ ತಂಗಿ ಮಗಳ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆ ಸಾಲು ಒತ್ತಿದೆವು. ಮೊಬೈಲ್ ಹಾಟ್‌ಸ್ಪಾಟ್ ಏದುಸಿರು ಬಿಟ್ಟಿತು. ಪರದೆ ತುಂಬ ಕೆಂಪು ಅಕ್ಷರ. ಬೆರಳಿಟ್ಟು ಓದುತ್ತ ಹೋದರೆ ನಡುವೆಲ್ಲೋ ಸಿಕ್ಕಿತು: ಫೋರ್ಟ್ರಾನ್ ಕಂಪೈಲರ್ ಇಲ್ಲ.

“ಮಾವ, ನಾವು ಹಾಕ್ತಿರೋದು ಪೈಥಾನ್ ಅಲ್ವಾ?”

ಒಂದೇ ಸಾಲಿನವರು ಅವಳಿಗೆ ಹೇಳದೆ ಬಿಟ್ಟದ್ದು ಇದನ್ನೇ. ಪೈಥಾನ್ ಇಲ್ಲಿ ಮೇಲಿನ ಹೊದಿಕೆ. ಒಳಗೆ ದುಡಿಯುವುದು ಹರ್ಲಿ, ಟೌಟ್, ಪೋಲ್ಸ್ 2002ರಲ್ಲಿ ಪ್ರಕಟಿಸಿದ ಬಿಎಸ್‌ಇ ಎಂಬ ಫೋರ್ಟ್ರಾನ್ ಕೋಡಿನ ಸಂತಾನ. ಪ್ರತಿ ನಕ್ಷತ್ರದ ಒಡಲನ್ನೂ ಪೂರ್ತಿ ಲೆಕ್ಕ ಹಾಕುತ್ತ ಕೂತರೆ ಜನ್ಮ ಸಾಲದು. ಹಾಗಾಗಿ ಅದು ಮೊದಲೇ ಹೊಂದಿಸಿಟ್ಟ ಸೂತ್ರಗಳಿಂದ ಗಾತ್ರ, ಹೊಳಪು, ಆಯಸ್ಸು ಅಂದಾಜಿಸುತ್ತದೆ. ಕೆಂಪು ಅಕ್ಷರ ಬರದಿದ್ದರೆ ನಾವು ಅಷ್ಟು ಕೆಳಗೆ ಇಳಿದು ನೋಡುತ್ತಲೇ ಇರಲಿಲ್ಲ. (ಮದುವೆಯಲ್ಲಿ ಅರುಂಧತಿಯ ಜೊತೆ ತೋರಿಸುವ ವಸಿಷ್ಠವೂ ಹೀಗೇ: ಕಣ್ಣಿಗೆ ಒಂದು, ಒಳಗೆ ನಾಲ್ಕು.)

ಸಿದ್ಧ ಪ್ಯಾಕೇಜು ಬೇಡವೆನ್ನುವಷ್ಟು ಹಟಮಾರಿ ನಾನಲ್ಲ. 2015ರಲ್ಲಿ ಗುರುತ್ವ ಅಲೆಗಳ ಶೋಧಕ ಲೈಗೋ ಹಿಡಿದ ಕಪ್ಪುಕುಳಿ ಜೋಡಿಯಂಥದ್ದು ಹೇಗೆ ಕೂಡಿಬಂತೆಂದು ಬೇಗೂರಿನಲ್ಲಿ ಕೂತು ಕೇಳಬಹುದಾದದ್ದು ಸಣ್ಣ ಮಾತೇ? ಆದರೆ ಸಲೀಸಾಗಿ ಬಂದದ್ದನ್ನು ಸಲೀಸಾಗಿಯೇ ನಂಬುತ್ತೇವೆ. ಒಂದು ನಕ್ಷತ್ರ ಉಬ್ಬಿ ಜೊತೆಗಾರನನ್ನು ನುಂಗಿದಾಗ, ಕಕ್ಷೆಯ ಶಕ್ತಿಯಲ್ಲಿ ಎಷ್ಟು ಪಾಲು ಆ ಹೊರಪದರವನ್ನು ಕಿತ್ತೆಸೆಯಲು ಒದಗುತ್ತದೆ? ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಕೋಡಿಗೆ ಮಾತ್ರ ಒಂದು ಅಂಕಿ ಕೊಡಲೇಬೇಕು. ಅದರ ಹೆಸರು ಆಲ್ಫಾ. ಅದು ಬದಲಾದರೆ ಕೊನೆಗೆ ಢಿಕ್ಕಿಯಾಗುವ ಜೋಡಿಗಳ ಎಣಿಕೆ ಹಲವು ಪಟ್ಟು ಏರಬಹುದು, ಇಳಿಯಬಹುದು. ಪ್ಯಾಕೇಜಿನ ಮಾದರಿ ಕಡತದಲ್ಲಿದ್ದ 1ನ್ನು ಹಾಗೇ ನಕಲು ಮಾಡಿ, ಬಂದ ಉತ್ತರವನ್ನು ಆಕಾಶವೇ ಹೇಳಿತೆಂಬಂತೆ ಬರೆಯುವವರಿದ್ದಾರೆ.

ವಿಂಡೋಸಿನೊಳಗೆ ಉಬುಂಟು ಹಾಕಿ, ಎರಡನೇ ದಿನ ರಾತ್ರಿ ಪ್ಯಾಕೇಜು ಓಡಿತು. ಅವಳು ಕಾಫಿ ಲೋಟ ಪಕ್ಕಕ್ಕಿಟ್ಟು ಆಲ್ಫಾ ಎದುರಿನ ಅಂಕಿ ನೋಡಿದಳು.

“ಈ ಒಂದನ್ನ ಯಾರು ಹಾಕಿದ್ದು ಮಾವ?”