ನಾಮಪದವೂ ಅದನ್ನು ಹಿಂಬಾಲಿಸುವ ಅವ್ಯಯವೂ

ಇಂಗ್ಲಿಷು ಕಲಿತ ನಮ್ಮ ಮನೆಗಳಲ್ಲಿ ರೆನ್ ಮತ್ತು ಮಾರ್ಟಿನ್ ಎಂಬಿಬ್ಬರ ವ್ಯಾಕರಣಗ್ರಂಥವನ್ನು ಅರಿಯದವರು ವಿರಳ. 1930ರ ದಶಕದಲ್ಲಿ ಹೊರಬಂದು ಇಂದಿಗೂ ಅಚ್ಚಾಗುತ್ತಿರುವ ಆ ಪುಸ್ತಕದ ಉಪಕಾರವನ್ನು ಮರೆತರೆ ಕೃತಘ್ನತೆಯಾದೀತು. ನಾನೂ ಅದನ್ನೇ ಹಿಡಿದು ಬಹುಕಾಲ ಪಾಠ ಹೇಳಿದವನು. ಆದರೂ ನಾಮಪದಗಳ ಮುಂದೆ ಬರತಕ್ಕ ‘ಆಫ್’, ‘ಫಾರ್’, ‘ಟು’ ಮೊದಲಾದ ಅವ್ಯಯಗಳನ್ನು ಅದು ಹೇಳಿರುವ ರೀತಿಯು ವಿಮರ್ಶೆಗೆ ತಕ್ಕದ್ದಾಗಿದೆ.

ಗ್ರಂಥಕರ್ತರು ಒಂದೊಂದು ಅವ್ಯಯದ ಕೆಳಗೂ ಅದನ್ನು ಬಯಸುವ ನಾಮಪದಗಳನ್ನು ಅಕಾರಾದಿಯಾಗಿ ಪಟ್ಟಿಮಾಡಿರುವರು. ‘ಡಿಸೈರ್’, ‘ಲೆಷರ್’, ‘ಪಿಟಿ’ ಇವು ‘ಫಾರ್’ ಎಂಬುದರ ಕೆಳಗೆ ಒಂದೇ ಸಾಲಿನಲ್ಲಿ ನಿಂತಿವೆ. ಏತಕ್ಕೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಆ ಕ್ರಮವನ್ನೇ ಅನುಸರಿಸಿ ನಾನು ‘ಫಿಯರ್’ ಪದಕ್ಕೆ ‘ಆಫ್’ ಎಂದು ಹುಡುಗರಿಂದ ಬಾಯಿಪಾಠ ಮಾಡಿಸಿದೆನು. ಅವರಲ್ಲೊಬ್ಬನು ಪರಸ್ಥಳದಲ್ಲಿ ಓದುತ್ತಿದ್ದಾಗ ತಂದೆಗೆ ಕಾಯಿಲೆ ಉಲ್ಬಣಿಸಿತು. ಅವನು ರಜೆ ಬೇಡಿ ಬರೆದ ಅರ್ಜಿಯಲ್ಲಿ ‘ಫಿಯರ್ ಆಫ್ ಮೈ ಫಾದರ್’ ಎಂದಿತ್ತು. ಓದಿದವರು ಹುಡುಗನು ತಂದೆಗೆ ಹೆದರುವನೆಂದು ತಿಳಿದು ನಕ್ಕರಂತೆ. ತಂದೆಗೇನಾಗುವುದೋ ಎಂಬ ಭಯಕ್ಕೆ ಅಲ್ಲಿ ‘ಫಾರ್’ ಇರಬೇಕಾಗಿತ್ತು. ತಪ್ಪು ಶಿಷ್ಯನದಲ್ಲ, ನನ್ನದು.

ನಾನು ಪಾಠಶಾಲೆಯಲ್ಲಿ ಕಲಿತ ಸಂಸ್ಕೃತದಲ್ಲಿ ಈ ವಿಷಯಕ್ಕೆ ವ್ಯವಸ್ಥೆಯಿದೆ. ಕ್ರಿಯಾಪದವಿದ್ದಾಗ ಕರ್ಮಕ್ಕೆ ದ್ವಿತೀಯೆ. ಆ ಧಾತುವೇ ಕೃತ್ಪ್ರತ್ಯಯವನ್ನು ಪಡೆದು ನಾಮವಾದಾಗ ಕರ್ತೃವಿಗಾಗಲಿ ಕರ್ಮಕ್ಕಾಗಲಿ ಷಷ್ಠಿ ಎಂಬುದು ಪಾಣಿನಿಯ ವಿಧಿ. ಕನ್ನಡದ ನಡೆಯೂ ಪ್ರಾಯಶಃ ಹೀಗೆಯೇ: ‘ಗ್ರಂಥವನ್ನು ಓದಿದನು’, ‘ಗ್ರಂಥದ ಓದು’. ಆದುದರಿಂದಲೇ ‘ಕವಿಯ ವರ್ಣನೆ’ ಎಂದಾಗ ಕವಿಯು ವರ್ಣಿಸಿದನೋ, ಕವಿಯನ್ನೇ ವರ್ಣಿಸಿದರೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕಾಗುತ್ತದೆ.

ಇಂಗ್ಲಿಷಿನಲ್ಲಿಯೂ ಇಂತಹ ಸಕರ್ಮಕ ಕ್ರಿಯೆಯು ನಾಮವಾದೊಡನೆ ಅವ್ಯಯದ ಅಪೇಕ್ಷೆ ಹುಟ್ಟುತ್ತದೆ. ‘ಒಬೇ’ ಎಂಬ ಕ್ರಿಯಾಪದಕ್ಕೆ ಅವ್ಯಯ ಬೇಡ. ‘ಒಬೀಡಿಯೆನ್ಸ್’ ಎಂಬ ನಾಮಕ್ಕೆ ‘ಟು’ ಬೇಕು. ‘ಡಿಸ್ಕಸ್’ ಪದಕ್ಕೆ ಬೇಡ. ‘ಡಿಸ್ಕಷನ್’ ಪದಕ್ಕೆ ‘ಆಫ್’ ಬೇಕು. ನಮ್ಮವರ ಬಾಯಲ್ಲಿ ಬರುವ ‘ಒಬೇ ಟು’, ‘ಡಿಸ್ಕಸ್ ಅಬೌಟ್’ ಎಂಬ ಪ್ರಯೋಗಗಳು ನಾಮದ ಧರ್ಮವನ್ನು ಕ್ರಿಯೆಗೆ ಆರೋಪಿಸಿದುದರ ಫಲ. ಪಟ್ಟಿಯು ನಾಮವನ್ನು ಅದರ ಕ್ರಿಯೆಯೊಡನೆ ನಿಲ್ಲಿಸಿ ತೋರಿಸಿದ್ದರೆ ಈ ದೋಷಗಳು ಎಷ್ಟೋ ಕಡಮೆಯಾಗುತ್ತಿದ್ದುವು.

ಭೇದವಿರುವುದು ಇಲ್ಲಿ: ನಾವು ಒಂದು ಷಷ್ಠಿಯಿಂದ ನಡೆಸುವ ಕೆಲಸವನ್ನು ಇಂಗ್ಲಿಷು ಹಲವು ಅವ್ಯಯಗಳಿಗೆ ಹಂಚಿಕೊಟ್ಟಿದೆ. ನಮ್ಮೂರಾದ ಸೋಮನಾಥಪುರದ ಕೇಶವಾಲಯದಲ್ಲಿ ನವರಂಗವು ಒಂದೇ; ಅಲ್ಲಿಂದ ಮೂರು ಗರ್ಭಗೃಹಗಳಿಗೆ ದಾರಿ. ಯಾವ ದೇವರ ದರ್ಶನ ಬೇಕೆಂಬುದನ್ನು ತಿಳಿದು ಹೆಜ್ಜೆಯಿಡಬೇಕು. ಹಾಗೆಯೇ ಓದು, ವಧೆ, ವರ್ಣನೆಗಳಂತೆ ಕರ್ಮವನ್ನು ಸುಮ್ಮನೆ ಸೂಚಿಸುವಲ್ಲಿ ‘ಆಫ್’. ಆಸೆ, ಹಂಬಲ, ಹುಡುಕಾಟಗಳಂತೆ ಮನಸ್ಸು ವಸ್ತುವಿನತ್ತ ಚಾಚುವಲ್ಲಿ ‘ಫಾರ್’. ಉತ್ತರ, ವಿಧೇಯತೆ, ವಿರೋಧಗಳಂತೆ ಒಂದಕ್ಕೊಂದು ಎದುರುಬದುರಾಗಿ ನಿಲ್ಲುವಲ್ಲಿ ‘ಟು’. ಅಪವಾದಗಳು ಉಂಟು, ಅವುಗಳನ್ನು ರೂಢಿಯಿಂದಲೇ ಕಲಿಯಬೇಕು. ಆದರೆ ಅಪವಾದಗಳಿಗೆ ಅಂಜಿ ಸಾಮಾನ್ಯನಿಯಮವನ್ನೇ ಹೇಳದಿರುವುದು ಶಾಸ್ತ್ರಮಾರ್ಗವಲ್ಲ.

ಕನ್ನಡದ ವಿಭಕ್ತಿಯನ್ನು ಅಕ್ಷರಶಃ ಇಂಗ್ಲಿಷಿಗಿಳಿಸುವುದೂ ಅಷ್ಟೇ ಅಪಾಯಕರ. ಕಾವೇರಿಯ ಪ್ರವಾಹಕ್ಕೆ ನಾವು ಚತುರ್ಥಿಯಲ್ಲಿ ಅಂಜುತ್ತೇವೆ; ಸಂಸ್ಕೃತದವನು ಪಂಚಮಿಯಲ್ಲಿ ಅಂಜುತ್ತಾನೆ; ಇಂಗ್ಲಿಷಿನವನ ಅಂಜಿಕೆಗೆ ‘ಆಫ್’ ಬೇಕು. ಪ್ರವಾಹವು ಒಂದೇ, ಭಯವೂ ಒಂದೇ. ಭಾಷೆಯ ದಾರಿ ಮಾತ್ರ ಬೇರೆ.

ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ತಾಯ್ತಂದೆಯರಲ್ಲಿ ನನ್ನ ವಿನಂತಿಯಿಷ್ಟೆ: ಆ ಪುಸ್ತಕವನ್ನು ಬಿಡಬೇಡಿರಿ, ಪಟ್ಟಿಯನ್ನು ಒಪ್ಪಿಸಿಕೊಂಡು ತೃಪ್ತರಾಗಲೂ ಬೇಡಿರಿ. ಪ್ರತಿಯೊಂದು ನಾಮಪದಕ್ಕೂ ಮಕ್ಕಳಿಂದಲೇ ಒಂದು ಪೂರ್ಣವಾಕ್ಯವನ್ನು ಮಾಡಿಸಿರಿ. ಅವ್ಯಯವನ್ನು ಬದಲಿಸಿದರೆ ಅರ್ಥವೇನಾಗುವುದೆಂದು ಕೇಳಿರಿ. ನಾನು ಆ ಪ್ರಶ್ನೆಯನ್ನು ಕೇಳಿದ್ದರೆ, ತಂದೆಯ ಕಾಯಿಲೆಗೆ ಕಂಗೆಟ್ಟ ಹುಡುಗನ ಅರ್ಜಿಯನ್ನು ಓದಿ ಯಾರೂ ನಗುತ್ತಿರಲಿಲ್ಲ.